ಗಾಜಿನೆಳೆಯ ತುದಿಗೆ ಅಂಟಿದ್ದು

ವಿಭೂತಿಯ ತಟ್ಟೆ ತನ್ನ ಮುಂದೆ ಬಂದಾಗ ದೇವೇಂದ್ರ ಕೈಯನ್ನು ಹಿಂದಕ್ಕೆಳೆದುಕೊಂಡ. ತಟ್ಟೆ ಹಿಡಿದಿದ್ದವರು ಸುಮಿತ್ರಮ್ಮ. ಹನ್ನೊಂದು ದಿನದ ಹಿಂದೆ ಗಂಡನನ್ನು ಕಳೆದುಕೊಂಡವರು, ಬೇಲೂರಿನ ಮಗನ ಮನೆಯ ಮುಂದೆ ಹಾಕಿದ್ದ ಶಾಮಿಯಾನದೊಳಗೆ ಬಂದವರಿಗೆಲ್ಲ ತಾವೇ ನಿಂತು ವಿಭೂತಿ ಕೊಡುತ್ತಿದ್ದರು. "ತಗೊಳ್ಳಿ ದೇವೇಂದ್ರಪ್ಪ. ನಿಮ್ಮ ಸರ್ ದಿನಾ ಹಚ್ಕೋತಿದ್ದ ಗಟ್ಟೀನೇ ಇದು. ಅರ್ಧ ಹಾಗೇ ಉಳಿದಿತ್ತು," ಎಂದರು. ಬೇರೆ ಯಾರಿಗೂ ಅವರು ಈ ಮಾತು ಹೇಳಿರಲಿಲ್ಲ, ತನಗೊಬ್ಬನಿಗೇ ಯಾಕೆ ಹೇಳಿದರು ಎಂದು ದೇವೇಂದ್ರ ಅವರ ಮುಖ ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಪಾಡು. ಮೂರು ಬೆರಳನ್ನು ಅದ್ದಿ ಹಣೆಗೆ ತಂದ, ಅಭ್ಯಾಸವಿಲ್ಲದ್ದರಿಂದ ಗೆರೆಗಳು ಸೊಟ್ಟಗಾದವು. ಬೆರಳ ಸಂದಿಯಲ್ಲಿ ಉಳಿದ ಪುಡಿಯನ್ನು ನೋಡುತ್ತ, ಇಷ್ಟೆಲ್ಲ ಬೇಕಿರಲಿಲ್ಲ, ಇದರ ಸಾವಿರದಲ್ಲೊಂದು ಪಾಲು ಸಾಕಾಗಿತ್ತು ಎಂದು ಲೆಕ್ಕ ಹಾಕಿದ. ಸಾವಿನ ಮನೆಯಲ್ಲಿ ನಿಂತು ಇಂಥ ಲೆಕ್ಕ ಹಾಕುವ ತನ್ನ ಬುದ್ಧಿಗೆ ಅವನಿಗೇ ಹೇಸಿಗೆಯೆನಿಸಿತು. ಕರ್ಚೀಫು ತೆಗೆದು ಒರೆಸಿಕೊಳ್ಳೋಣವೆಂದರೆ ಸುಮಿತ್ರಮ್ಮ ಇನ್ನೂ ಅಲ್ಲೇ ನಿಂತಿದ್ದರು.

ಮರುಳಪ್ಪನವರು ಬೆಳಗಿನ ಜಾವ ಗಂಡಸಿ ಊರಿನ ಮನೆಯಲ್ಲಿ ಪೂಜೆ ಮುಗಿಸಿ, ಹಣೆಗೆ, ತೋಳಿಗೆ, ಎದೆಗೆ ಮೂರು ಮೂರು ಗೆರೆ ಎಳೆದುಕೊಂಡು, ತಿಂಡಿ ತಿಂದು, ಹಳೆಯ ಟಿವಿಎಸ್‌ನಲ್ಲಿ ಅರಸೀಕೆರೆಯ ಕಾಲೇಜಿಗೆ ಬಂದರೆ ಮೊದಲು ಹೋಗುತ್ತಿದ್ದದ್ದು ಹಿಂದಿನ ಕೋಣೆಗೆ. ಅವರು ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರು, ದೇವೇಂದ್ರ ಅವರ ಕೈಕೆಳಗಿನ ಉಪನ್ಯಾಸಕ. ಆ ಕೋಣೆಯಲ್ಲಿ ಎರಡು ಕಿಲೋಮೀಟರು ಉದ್ದದ ಗಾಜಿನೆಳೆ ಒಂದು ದೊಡ್ಡ ರಾಟೆಗೆ ಸುತ್ತಿಕೊಂಡು ಕೂತಿತ್ತು. ಫೋನಿನ ಮಾತು, ಚಿತ್ರ, ಊರೂರಿನ ಸುದ್ದಿ ಎಲ್ಲ ಇಂಥ ಎಳೆಯೊಳಗೆ ಬೆಳಕಾಗಿ ಓಡುತ್ತವೆ. ಆದರೆ ದಾರಿ ಬದಲಿಸುವ ಕಡೆಯಲ್ಲೆಲ್ಲ ಬೆಳಕನ್ನು ವಿದ್ಯುತ್ತಾಗಿ ಇಳಿಸಿ ಮತ್ತೆ ಬೆಳಕಾಗಿ ಹತ್ತಿಸಬೇಕು. "ಜಾವಗಲ್ಲಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿದ ಹಾಗೆ ಕಣಯ್ಯ," ಎನ್ನುತ್ತಿದ್ದರು ಮರುಳಪ್ಪ. "ಇಳಿಸೋದೇ ಬೇಡ. ಬೆಳಕಿನ ಕೈಲೇ ಬೆಳಕಿನ ಸ್ವಿಚ್ಚು ಒತ್ತಿಸೋಣ." ಬಲವಾದ ಬೆಳಕೊಂದನ್ನು ಎಳೆಯೊಳಗೆ ಹಾಯಿಸಿದರೆ ಗಾಜೇ ಕಣ್ಣಿಗೆ ಕಾಣದಷ್ಟು ಸಣ್ಣಗೆ ನಡುಗುತ್ತದೆ. ಆ ನಡುಕ ಬೆಳಕನ್ನು ಚದುರಿಸಿ ಬಂದ ದಾರಿಗೇ ತಿರುಗಿಸುತ್ತದೆ. ಹಾಗಾದರೆ ಬಲವಾದ ಬೆಳಕು ಉರಿದಾಗ ಅದೇ ಎಳೆಯಲ್ಲಿ ಹಾಯುವ ಇನ್ನೊಂದು ಮಂದ ಬೆಳಕು ನಿಲ್ಲಬೇಕು, ಅದು ಆರಿದಾಗ ಇದು ಹಾಯಬೇಕು. ಪುಸ್ತಕದಲ್ಲಿ ಇರುವುದೇ. ಆದರೆ ಅಷ್ಟು ಕಡಿಮೆ ಬಲದಲ್ಲಿ, ಅಷ್ಟು ಸಣ್ಣ ಸಾಮಾನಿನಲ್ಲಿ ಯಾರೂ ಮಾಡಿ ತೋರಿಸಿರಲಿಲ್ಲ. ಒಂದು ಬುಧವಾರ ಮಧ್ಯಾಹ್ನ ಮರುಳಪ್ಪ ತಮ್ಮ ಕೈಯಾರೆ ಎಳೆಯ ತುದಿಯ ಕನೆಕ್ಟರನ್ನು ಸಿಕ್ಕಿಸಿ ಬಲದ ಬೆಳಕು ಹಚ್ಚಿದರು, ಮಂದ ಬೆಳಕನ್ನು ಅಳೆಯುವ ಮೀಟರಿನ ಮುಳ್ಳು ಕೆಳಗಿಳಿಯಿತು. ಆರಿಸಿದರು, ಏರಿತು. ಹಚ್ಚಿದರು, ಇಳಿಯಿತು. ಐವತ್ತು ದಾಟಿದ ಆ ಮನುಷ್ಯ ಕಾರಿಡಾರಿನಲ್ಲಿ ಓಡಿಹೋಗಿ ತರಗತಿ ನಡೆಸುತ್ತಿದ್ದ ಸಂಸ್ಕೃತದ ಮೇಷ್ಟ್ರನ್ನು ತಬ್ಬಿಕೊಂಡಿದ್ದು ಆಮೇಲೆ ಎಷ್ಟೋ ದಿನ ಕಾಲೇಜಿನಲ್ಲಿ ನಗೆಯ ಮಾತಾಗಿತ್ತು.

ಆ ಮುಳ್ಳನ್ನು ಇಳಿಸಿದ್ದು ಗಾಜಿನ ನಡುಕವಲ್ಲ, ವಿಭೂತಿ. ಎಳೆಯಲ್ಲಿ ಬೆಳಕು ಓಡುವ ಜಾಗ ಕೂದಲಿನ ಹತ್ತರಲ್ಲೊಂದು ಪಾಲು. ಅದರ ಬಾಯಿಗೆ ಮರುಳಪ್ಪನವರ ಬೆರಳಿನ ಬೂದಿ ಅಂಟಿಕೊಂಡು, ಬಲದ ಬೆಳಕು ಬಿದ್ದಾಗ ಕಾದು, ಮಂದ ಬೆಳಕಿಗೆ ಅಡ್ಡ ಬರುತ್ತಿತ್ತು. ತಣ್ಣಗಾದಾಗ ದಾರಿ ಬಿಡುತ್ತಿತ್ತು. ಇಷ್ಟೇ ಸಂಗತಿ. ಇದನ್ನೇ ಬೆಳಕಿನ ಸ್ವಿಚ್ಚೆಂದು ಇಬ್ಬರೂ ವಿದೇಶದ ವಿಜ್ಞಾನ ಪತ್ರಿಕೆಯೊಂದಕ್ಕೆ ಬರೆದು, ಅದು ಅಚ್ಚಾಗಿ, ಮಠದವರು ಕರೆದು ಶಾಲು ಹೊದಿಸಿ, ಕಾಲೇಜಿಗೆ ಸಂಶೋಧನಾ ಕೇಂದ್ರ ಬಂದು, ದೇವೇಂದ್ರ ಅದಕ್ಕೆ ಮಾರ್ಗದರ್ಶಕನಾಗಿದ್ದ.

"ಚಪ್ಪಲಿ ಅಲ್ಲೇ ಬಿಡಬೇಡಿ, ಈ ಕಡೆ ಇಡಿ. ಸ್ವಾಮೀಜಿ ಬರೋ ದಾರಿ ಅದು," ಎಂದ ಶಶಿಕಿರಣ್, ಮರುಳಪ್ಪನವರ ಮಗ. ತೆಂಗಿನಕಾಯಿ ವ್ಯಾಪಾರದವನು, ಬೋಳಿಸಿದ ತಲೆ, ಎರಡು ಫೋನು. ದೇವೇಂದ್ರನ ಮುಖ ನೋಡಿ ಹುಬ್ಬು ಗಂಟಿಕ್ಕಿದ. "ನಿಮ್ಮನ್ನ ನೋಡಿದೀನಿ. ಅಪ್ಪಾಜಿ ಲ್ಯಾಬಲ್ಲಿ ಅಟೆಂಡರ್ ಆಗಿದ್ರಲ್ವಾ ನೀವು?" ಅಲ್ಲಪ್ಪ, ನಾನು ಪ್ರೊಫೆಸರು, ನಿಮ್ಮ ತಂದೆಯ ಜೊತೆಗೆ ನನ್ನ ಹೆಸರೂ ಅಚ್ಚಾಗಿದೆ ಎನ್ನಬಹುದಿತ್ತು. ದೇವೇಂದ್ರ "ಹೂಂ" ಎಂದು ಬಗ್ಗಿ ಚಪ್ಪಲಿಯನ್ನು ಎತ್ತಿ ಆ ಕಡೆ ಇಟ್ಟ. ಬಗ್ಗಿದಾಗ ಅವಮಾನದ ಜೊತೆಗೆ ಒಂದು ಥರದ ಸುಖವೂ ಆಯಿತು. ಅಟೆಂಡರನಾಗಿದ್ದರೆ ಎಷ್ಟು ಹಗುರ. ಬಾಗಿಲು ತೆಗೆಯುವುದು, ಕಸ ಗುಡಿಸುವುದು, ಸಂಜೆ ಬೀಗ ಹಾಕಿ ಹೋಗುವುದು. ಯಾವ ಹುಡುಗಿಯೂ ಅಟೆಂಡರನ ಮೇಜಿನ ಮೇಲೆ ತನ್ನ ನೋಟ್‌ಬುಕ್ಕು ಇಟ್ಟು ಹೋಗುತ್ತಿರಲಿಲ್ಲ.

ಸುಖ ಹೆಚ್ಚು ಹೊತ್ತು ಉಳಿಯಲಿಲ್ಲ. ಪಾದಪೂಜೆಯಾದ ಮೇಲೆ ಸ್ವಾಮೀಜಿಗಳು, ಬೆಳಕಿನಿಂದಲೇ ಬೆಳಕನ್ನು ತಡೆದ ನಮ್ಮ ಮರುಳಪ್ಪನವರು ಎಂದು ಶುರು ಮಾಡಿ, ಆ ಕೆಲಸದಲ್ಲಿ ಹೆಗಲು ಕೊಟ್ಟ ದೇವೇಂದ್ರ ಅವರು ಇಲ್ಲಿದ್ದಾರೆ, ಎರಡು ಮಾತಾಡಲಿ ಎಂದುಬಿಟ್ಟರು. ಶಶಿಕಿರಣ್ ತಬ್ಬಿಬ್ಬಾಗಿ ತಿರುಗಿ ನೋಡಿದ. ದೇವೇಂದ್ರ ಮೈಕಿನ ಮುಂದೆ ನಿಂತ. ಎದುರಿಗೆ ಹಾರ ಹಾಕಿದ ಫೋಟೋದಲ್ಲಿ ಮರುಳಪ್ಪ ಯಾವುದೋ ಮದುವೆಯಲ್ಲಿ ನಗುತ್ತಿದ್ದರು. ಅವರ ಬಗ್ಗೆ ಅವನಿಗೆ ಇದ್ದದ್ದು ನಿಜವಾದ ಪ್ರೀತಿ. ಬೇರೆ ಜಾತಿಯ ಬಡ ಹುಡುಗನನ್ನು ಕೆಲಸಕ್ಕೆ ಸೇರಿದ ಮೊದಲ ದಿನವೇ ಮನೆಗೆ ಕರೆದೊಯ್ದು ತಮ್ಮ ಪಕ್ಕದಲ್ಲೇ ಮಣೆ ಹಾಕಿಸಿ ಊಟಕ್ಕೆ ಕೂರಿಸಿಕೊಂಡವರು. ಅದನ್ನು ಹೇಳಬಹುದಿತ್ತು, ಹೇಳಿದ್ದರೆ ನಿಜವೂ ಆಗುತ್ತಿತ್ತು. ಆದರೆ ಅವನ ಬಾಯಿಂದ ಬಂದದ್ದು, "ಸರ್ ಅವರ ಕೈಗುಣ ದೊಡ್ಡದು. ಅವರು ಮುಟ್ಟಿದರೇ ಪ್ರಯೋಗ ಕೂಡಿ ಬರುತ್ತಿತ್ತು," ಎಂಬ ಮಾತು. ಜನ ತಲೆದೂಗಿದರು. ಸುಮಿತ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಇದೇ ಮಾತನ್ನು ತಾನು ಹಿಂದೊಮ್ಮೆ ಯಾರಿಗೆ ಹೇಳಿದ್ದೆನೆಂಬುದು ನೆನಪಾಗಿ ದೇವೇಂದ್ರ ಮೈಕಿನ ಮುಂದಿನಿಂದ ಸರಿದ. ಊಟದ ಎಲೆಯಲ್ಲಿ ಪಾಯಸ ಹಾಗೇ ಬಿಟ್ಟು ಎದ್ದದ್ದಕ್ಕೆ ಬಡಿಸುವವರು ಮೈ ಹುಷಾರಿಲ್ಲವೇ ಎಂದು ಕೇಳಿದರು.

ಅರಸೀಕೆರೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಟಿಕೆಟನ್ನು ಮಾತ್ರ ಹಳೇಬೀಡಿಗೆ ತೆಗೆದುಕೊಂಡ. ಹಿಂದೆ ತನ್ನ ಕೈಕೆಳಗೆ ಸಂಶೋಧನೆಗೆ ಸೇರಿದ್ದ ಮಂಜುಶ್ರೀ ಅಲ್ಲಿದ್ದಾಳೆ, ಅವಳಿಗೆ ಹೇಳಬೇಕು. ಹೇಳಬೇಕಾದದ್ದು ಎರಡು ಮಾತು. ಪ್ರಯೋಗ ತಪ್ಪಾಗಿತ್ತು, ತಪ್ಪು ನಿನ್ನದಲ್ಲ ಎಂಬುದು ಒಂದು. ಅದನ್ನು ಹೇಳುವುದು ಕಷ್ಟವೇನಲ್ಲ, ಬೂದಿ ಮರುಳಪ್ಪನವರದು, ಅವರು ಈಗ ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ಇದು ನನಗೆ ಒಂಬತ್ತು ವರ್ಷದಿಂದ ಗೊತ್ತಿತ್ತು ಎಂಬುದು ಇನ್ನೊಂದು. ಎರಡನ್ನೂ ಹೇಳಿದರೆ ಹೇಳಿದ ಹಾಗೆ. ಮೊದಲನೆಯದನ್ನಷ್ಟೇ ಹೇಳಿದರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಮುಂದಿನ ಸೀಟಿನ ಹೆಂಗಸು ಕಿಟಕಿಯಿಂದ ಹೊರಗೆ ಉಗುಳಿದ್ದು ಗಾಳಿಗೆ ಹಾರಿ ಅವನ ತೋಳಿನ ಮೇಲೆ ಬಿತ್ತು. ಅವಳು ತಿರುಗಿ ನೋಡಲಿಲ್ಲ, ಅವನು ಕರ್ಚೀಫಿನಿಂದ ಒರೆಸಿಕೊಂಡ.

ಮಂಜುಶ್ರೀ ಗೆಂಡೇಹಳ್ಳಿಯವಳು. ಮೊದಲ ದಿನ ಅವಳನ್ನು ಕರೆತಂದಿದ್ದವನು ತಂದೆ ದೊಡ್ಡಬೀರಪ್ಪ, ಹೊಸ ಪಂಚೆ ಉಟ್ಟು, ಒಂದು ಚೀಲ ರಾಗಿ ಹೊತ್ತು. "ಮದ್ವೆ ಆಮ್ಯಾಕೆ ಮಾಡ್ತೀನಿ ಸಾ. ಮೊದ್ಲು ಡಾಕ್ಟ್ರು ಆಗ್ಲಿ," ಎಂದಿದ್ದ. ಪಿಎಚ್‌.ಡಿ. ಡಾಕ್ಟರು ಬೇರೆ ಎಂದು ಎಷ್ಟು ಹೇಳಿದರೂ ಊರವರು ಕೇಳಲಿಲ್ಲವಂತೆ. ಟೀ ಅಂಗಡಿಯಲ್ಲಿ ದೊಡ್ಡಬೀರಪ್ಪನನ್ನು ಕಂಡರೆ ಸಾಕು, ಮಗಳು ಬಂದಾಗ ನಮ್ಮ ಎಮ್ಮೆಯ ಕೆಮ್ಮಿಗೂ ಒಂದು ಔಷಧಿ ಬರೆಸಿಕೊಡಪ್ಪ ಎಂದು ರೇಗಿಸುತ್ತಿದ್ದರಂತೆ. ಅವಳು ಹೇಳಿ ನಗುತ್ತಿದ್ದಳು. ಅವಳ ಕೆಲಸ ಸುಲಭದ್ದಾಗಬೇಕಿತ್ತು, ಅದೇ ಪ್ರಯೋಗವನ್ನು ಮತ್ತೆ ಮಾಡಿ, ಎಷ್ಟು ಬೇಗ ಸ್ವಿಚ್ಚು ಬೀಳುತ್ತದೆ, ಎಷ್ಟು ಬಲ ಬೇಕು ಎಂದು ಅಳೆಯುವುದು. ಮುಳ್ಳು ಇಳಿಯಲಿಲ್ಲ. ಒಂದು ವರ್ಷ ಇಳಿಯಲಿಲ್ಲ, ಎರಡು ವರ್ಷ ಇಳಿಯಲಿಲ್ಲ. ಹೊಸ ಎಳೆ, ಹೊಸ ಕನೆಕ್ಟರು, ಪ್ರತಿ ಸಲವೂ ಸ್ಪಿರಿಟ್ಟಿನಿಂದ ಮೂರು ಸಲ ಒರೆಸಿ ಸಿಕ್ಕಿಸುತ್ತಿದ್ದಳು. ಮರುಳಪ್ಪನವರ ಹಳೆಯ ಕನೆಕ್ಟರನ್ನು ಒರೆಸದೆ ಹಾಗೇ ಹಾಕಿದರೆ ಮಾತ್ರ ಇಳಿಯುತ್ತಿತ್ತು, ಅದೂ ನಿಧಾನವಾಗಿ. "ಗಾಜು ನಡುಗೋದಾದ್ರೆ ಇಷ್ಟು ನಿಧಾನ ಆಗಬಾರದು ಸರ್. ಇದು ಏನೋ ಬಿಸಿಯಾಗೋ ನಿಧಾನ," ಎಂದಿದ್ದಳು ಒಮ್ಮೆ, ಬಾಗಿಲ ಬಳಿ ನಿಂತು, ತಪ್ಪು ಮಾಡಿದವಳ ದನಿಯಲ್ಲಿ. ಅವನಾಗ ಪರೀಕ್ಷೆಯ ಪೇಪರು ತಿದ್ದುತ್ತಿದ್ದ. ತಲೆಯೆತ್ತದೆ, "ಕೈಗುಣ ಬೇಕಮ್ಮ ಇದಕ್ಕೆ. ಮರುಳಪ್ಪ ಸರ್ ಮುಟ್ಟಿದ ಕೂಡಲೇ ಬಂತು. ನಿನ್ನ ಕೈ ಇನ್ನೂ ಕೂತಿಲ್ಲ," ಎಂದಿದ್ದ. ಅಂದು ಅವನಿಗೆ ಗೊತ್ತಿರಲಿಲ್ಲ. ಅಂದು ಹೇಳಿದ್ದಕ್ಕೆ ಕ್ಷಮೆಯಿದೆ ಎಂದು ದೇವೇಂದ್ರ ಬಸ್ಸಿನಲ್ಲಿ ಕೂತು ತನ್ನ ಪರವಾಗಿ ವಾದಿಸಿದ. ಆದರೆ ಅದೇ ಮಾತನ್ನು ಗೊತ್ತಾದ ಮೇಲೂ ಹೇಳಿದ್ದಿದೆ.

ಗೊತ್ತಾದದ್ದು ಆಯುಧಪೂಜೆಯ ಮಾರನೆಯ ದಿನ. ಲೇಸರಿನ ಪೆಟ್ಟಿಗೆಗೆ ಹಾಕಿದ್ದ ಚೆಂಡುಹೂವಿನ ಹಾರ ಬಾಡಿತ್ತು. ಮುಂದಿನ ವಾರ ವಿಶ್ವವಿದ್ಯಾಲಯದ ಸಮಿತಿ ಬರುವುದಿತ್ತು, ಸಂಶೋಧನಾ ಕೇಂದ್ರದ ಮಾನ್ಯತೆ ಮುಂದುವರಿಯುವುದು, ಅವನು ಪ್ರೊಫೆಸರ್ ಆಗುವುದು ಎಲ್ಲ ಅವರ ವರದಿಯ ಮೇಲೆ. ಮೇಜಿನ ಮೇಲೆ ಮಂಜುಶ್ರೀಯ ರೀಡಿಂಗಿನ ನೋಟ್‌ಬುಕ್ಕು ಇತ್ತು, ತೆರೆದರೆ ನಡುವೆ ಒಂದು ಫೋಟೋ. ಪ್ರಾಣಿಶಾಸ್ತ್ರದವರ ಸೂಕ್ಷ್ಮದರ್ಶಕಕ್ಕೆ ಮೊಬೈಲು ಹಿಡಿದು ತೆಗೆದು, ಊರಿನ ಸ್ಟುಡಿಯೋದಲ್ಲಿ ಪ್ರಿಂಟು ಹಾಕಿಸಿದ್ದಳು. ಹಳೆಯ ಕನೆಕ್ಟರಿನ ತುದಿ. ದುಂಡನೆಯ ಗಾಜಿನ ಮೇಲೆ ಬೂದುಬಣ್ಣದ ಹಕ್ಕಳೆ, ನಡುಮಧ್ಯ ಸುಟ್ಟ ಕರಿಯ ಚುಕ್ಕೆ. ಅವಳು ಏನನ್ನೂ ಬರೆದಿರಲಿಲ್ಲ. ಗುರುಗಳಿಗೆ ನೀವು ತಪ್ಪು ಎಂದು ಬಾಯಿಬಿಟ್ಟು ಹೇಳಲಾಗದೆ ನೋಟ್‌ಬುಕ್ಕಿನೊಳಗೆ ಇಟ್ಟು ಹೋಗಿದ್ದಳು. ನೋಡಿದ ಕ್ಷಣವೇ ದೇವೇಂದ್ರನಿಗೆ ಎಲ್ಲ ತಿಳಿಯಿತು. ಮುಳ್ಳು ಇಳಿದದ್ದು, ನಿಧಾನ, ಮರುಳಪ್ಪನವರ ಮೂರು ಬೆರಳು. ಸಮಿತಿಯೊಂದು ಬಂದು ಹೋಗಲಿ, ಆಮೇಲೆ ಎಂದುಕೊಂಡ. ಫೋಟೋವನ್ನು ಮಗುಚಿ ಡ್ರಾಯರಿನ ತಳದಲ್ಲಿ, ಹಳೆಯ ಹಾಜರಿ ಪುಸ್ತಕಗಳ ಕೆಳಗೆ ಹಾಕಿದ. ಮರುದಿನ ನೋಟ್‌ಬುಕ್ಕನ್ನು ಅವಳಿಗೆ ಹಿಂದಿರುಗಿಸುತ್ತ, "ಇನ್ನೊಂದು ಸೆಟ್ ರೀಡಿಂಗ್ ತಗೋಮ್ಮ. ಕೈ ಕೂರಬೇಕು," ಎಂದ. ಅವಳು ಪುಟಗಳನ್ನು ಒಂದು ಸಲ ತಿರುವಿದಳು. ಅವನ ಮುಖ ನೋಡಿದಳು. ಕೇಳುತ್ತಾಳೆ ಎಂದು ಅವನು ಕಾದ, ಅವಳು ಕೇಳಲಿಲ್ಲ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಸಮಿತಿ ಬಂತು, ಹೋಯಿತು. ಆಮೇಲೆ ಎಂಬುದು ಬರಲೇ ಇಲ್ಲ. ಆರು ತಿಂಗಳ ನಂತರ ಅವಳು ಬಿಟ್ಟುಹೋದಳು. ಬೀಳ್ಕೊಡುವಾಗ, "ನನ್ನ ಕೈಲಿ ಆಗ್ಲಿಲ್ಲ ಸರ್, ಕ್ಷಮಿಸಿ," ಎಂದಿದ್ದಳು. ದೊಡ್ಡಬೀರಪ್ಪ ಆಮೇಲೆ ಟೀ ಅಂಗಡಿಯ ಕಡೆ ಹೋಗುವುದನ್ನೇ ಬಿಟ್ಟನೆಂದು ಯಾರೋ ಹೇಳಿದರು. ಅವನು ಸತ್ತ ಸುದ್ದಿಯೂ ಹಾಗೇ ಯಾರಿಂದಲೋ ಬಂತು.

ಮರುಳಪ್ಪನವರಿಗೆ ಹೇಳಿದ್ದು ಹೋದ ತಿಂಗಳು, ಹಾಸನದ ಆಸ್ಪತ್ರೆಯಲ್ಲಿ. ಯಾವುದೋ ದೇಶದ ಸಂಶೋಧಕರು ನಿಮ್ಮ ಫಲಿತಾಂಶ ನಮಗೆ ಬರುತ್ತಿಲ್ಲ ಎಂದು ಬರೆದಿದ್ದರು, ಇನ್ನು ಮುಚ್ಚಿಡುವ ಹಾಗಿರಲಿಲ್ಲ. ಹಳೆಯ ಸಾಮಾನು ತೆಗೆದು ನೋಡಿದೆ ಸರ್, ಈಗ ಗೊತ್ತಾಯಿತು ಎಂದ ದೇವೇಂದ್ರ. ಮುದುಕರು ಕುಗ್ಗಿಹೋಗುತ್ತಾರೆಂದು ಅವನು ಹೆದರಿದ್ದ. ಇಷ್ಟು ವರ್ಷ ಬಾಯಿ ಬಿಡದೆ ಇದ್ದದ್ದು ಅವರ ಮಾನ ಉಳಿಸಲು ಎಂದು ತನಗೆ ತಾನೇ ನಂಬಿಸಿಕೊಂಡಿದ್ದ. ಮರುಳಪ್ಪ ಮೂಗಿನ ಕೊಳವೆಯನ್ನು ಪಕ್ಕಕ್ಕೆ ಸರಿಸಿ ನಕ್ಕರು. "ಅಂದ್ರೆ ನನ್ ಬೆರಳಿನ ಬೂದಿ ಕಣಯ್ಯಾ! ಅದನ್ನೇ ಜಗತ್ತಿಗೆಲ್ಲ ಭೌತಶಾಸ್ತ್ರ ಅಂತ ಹಂಚಿಬಿಟ್ವಲ್ಲೋ!" ಕೆಮ್ಮು ಬರುವವರೆಗೂ ನಕ್ಕರು. ಕೆಮ್ಮು ನಿಂತಾಗ ನಗುವೂ ನಿಂತಿತ್ತು. "ಆ ಮಗು ನಾಲ್ಕು ವರ್ಷ ಕೂತು ಅತ್ತಿತಲ್ಲಯ್ಯ ಆ ಕೋಣೇಲಿ," ಎಂದರು. "ಪತ್ರಿಕೆಯವ್ರಿಗೆ ಬರಿ, ನಾನು ಸೈನ್ ಹಾಕ್ತೀನಿ. ತಪ್ಪು ನನ್ನದು ಅಂತ್ಲೇ ಬರಿ. ಮೊದ್ಲು ಆ ಮಗೀಗೆ ಹೋಗಿ ಹೇಳು. ಹೇಳ್ತೀಯಾ?" ಹೇಳುತ್ತೇನೆ ಎಂದು ಮಾತು ಕೊಟ್ಟ. ಪತ್ರದಲ್ಲಿ ಮೊದಲ ಲೇಖಕರ ಕೈಯಿಂದ ಅಂಟಿದ ಧೂಳು ಎಂದು ಬರೆದ. ಅವರು ರುಜು ಹಾಕಿದರು. ಪತ್ರವನ್ನು ಕಳಿಸಿದ್ದು ಮಾತ್ರ ಅವರು ತೀರಿಕೊಂಡ ಮೂರನೆಯ ದಿನ.

ಹಳೇಬೀಡಿನಲ್ಲಿ ಇಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ದೇವಸ್ಥಾನದ ಮುಂದೆ ಪ್ರವಾಸದ ಬಸ್ಸುಗಳು, ಸೌತೇಕಾಯಿಗೆ ಖಾರ ಹಚ್ಚುವವರು. ಮಂಜುಶ್ರೀಯ ಗಂಡ ಚೇತನ್‌ಕುಮಾರ್ ಊರಿಗೆಲ್ಲ ಕೇಬಲ್ಲು, ಇಂಟರ್‌ನೆಟ್ಟು ಕೊಡುವವನು. ಹೆಸರು ಹೇಳಿದರೆ ಮನೆ ತೋರಿಸಿದರು. ಜಗಲಿಯಲ್ಲಿ ಅವರೇಕಾಯಿ ಸುಲಿಯುತ್ತಿದ್ದ ಅವಳ ಅತ್ತೆ ಗಿರಿಯಮ್ಮ ತಲೆಯಿಂದ ಕಾಲಿನವರೆಗೆ ನೋಡಿದರು. "ಅರಸೀಕೆರೆ ಮೇಷ್ಟ್ರಾ? ಕೆರೆ ಏರಿ ಮ್ಯಾಲೆ ಜೇಸಿಬಿಯೋರು ವೈರು ಕಿತ್ತಾಕವ್ರಂತೆ, ಅಲ್ಲಿಗೆ ಹೋಗವ್ಳೆ. ಬತ್ತಾಳೆ, ಕುಂತ್ಕಳಿ ಒಳಗೆ," ಎಂದರು. ಆಮೇಲೆ ಹೆಮ್ಮೆಯಿಂದ, "ನಮ್ ಹುಡ್ಗಿ ಕೂಡ್ಸಿದ್ ವೈರು ಬಿಟ್ಕಂಡಿದ್ದೇ ಇಲ್ಲ. ಹಾಸನದಿಂದ್ಲೂ ಕರೀತಾರೆ. ಏನ್ ಕೈ ಐತೆ ಅಂತೀರಾ ಅವ್ಳದು!" ಎಂದರು. ದೇವೇಂದ್ರ ಕೂರಲಿಲ್ಲ. ಕೂತರೆ ಮತ್ತೆ ಏಳುವ ಧೈರ್ಯ ಬರುವುದಿಲ್ಲವೆಂದು ಏರಿಯ ಕಡೆ ನಡೆದ.

ಏರಿಯ ಮೇಲೆ ಒಂದು ಲಗೇಜ್ ಆಟೋದ ಹಿಂದೆ, ಕಂಬಕ್ಕೆ ಕಟ್ಟಿದ ಕೊಡೆಯ ನೆರಳಿನಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಮಂಜುಶ್ರೀ ಕೂತಿದ್ದಳು. ಕೂದಲು ಅಲ್ಲಲ್ಲಿ ನರೆತಿತ್ತು, ಮುಖ ದುಂಡಗಾಗಿತ್ತು. ಮುಂದೆ ಎಳೆ ಕೂಡಿಸುವ ಯಂತ್ರ, ಪಕ್ಕದಲ್ಲಿ ಕತ್ತರಿಸಿದ ಕೇಬಲ್ಲಿನಿಂದ ಹೊರಬಂದ ಬಣ್ಣಬಣ್ಣದ ಆರು ಎಳೆಗಳು. ಲೈನು ನೋಡಿಕೊಳ್ಳುವ ಮಧ್ಯವಯಸ್ಸಿನ ಆಳೊಬ್ಬ ಕೇಬಲ್ಲು ಹಿಡಿದು ನಿಂತಿದ್ದ. ಅವಳು ಕಿತ್ತಳೆ ಬಣ್ಣದ ಎಳೆಯ ಸಿಪ್ಪೆ ಸುಲಿದು, ಸ್ಪಿರಿಟ್ಟಿನ ಕಾಗದದಿಂದ ಒರೆಸಿದಳು. ಬೆಳಕಿಗೆ ಹಿಡಿದು ನೋಡಿ ಮತ್ತೆ ಒರೆಸಿದಳು. ಇನ್ನೊಂದು ಸಲ. ದೇವೇಂದ್ರನ ನೆರಳು ಬಿದ್ದಾಗ ತಲೆಯೆತ್ತಿದಳು.

"ಸರ್! ನೀವಾ!" ಏಳಲು ಹೋದವಳು ಕೈಯಲ್ಲಿದ್ದದ್ದನ್ನು ಬಿಡಲಾಗದೆ ಹಾಗೇ ಕೂತಳು. "ಬಿಟ್ರೆ ಧೂಳು ಕೂರತ್ತೆ ಸರ್, ಏನೂ ಅಂದ್ಕೋಬೇಡಿ. ಮೂರೂರಿಗೆ ನೆಟ್ ಹೋಗಿದೆ, ಬ್ಯಾಂಕಿನೋರು ಫೋನಿನ ಮೇಲೆ ಫೋನ್. ಒಂದು ಹತ್ತು ನಿಮಿಷ."

"ಮಾಡಮ್ಮ, ಮಾಡು. ನಾನು ನಿಂತಿರ್ತೀನಿ."

"ಮರುಳಪ್ಪ ಸರ್ ವಿಷಯ ವಾಟ್ಸ್‌ಆ್ಯಪಲ್ಲಿ ಬಂತು. ಬರಬೇಕು ಅಂತ ಸೀರೆ ಉಟ್ಟು ರೆಡಿನೂ ಆಗಿದ್ದೆ ಸರ್. ಆಮೇಲೆ ಯಾವ ಮುಖ ಹೊತ್ಕೊಂಡು ಹೋಗ್ಲಿ ಅನ್ನಿಸ್ತು. ಅವರ ಇಷ್ಟು ದೊಡ್ಡ ಕೆಲಸ ನನ್ನ ಕೈಲಿ ಎರಡನೇ ಸಲ ಮಾಡೋಕಾಗ್ಲಿಲ್ಲ." ಯಂತ್ರದ ಪರದೆಯ ಮೇಲೆ ಎರಡು ತುದಿಗಳು ಹತ್ತಿರ ಬಂದು ಮುಟ್ಟಿದವು, ಒಂದು ಕಿಡಿ, ಕೂಡಿಕೊಂಡವು. ಅವಳು ಹಸಿರು ಎಳೆಯನ್ನು ಎತ್ತಿಕೊಂಡಳು.

"ಅದು ಯಾರ ಕೈಲೂ ಆಗ್ತಿರ್ಲಿಲ್ಲಮ್ಮ," ಎಂದ ದೇವೇಂದ್ರ. ದನಿ ತನ್ನದಲ್ಲವೆಂಬಂತೆ ಕೇಳಿಸಿತು. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳೆಲ್ಲ ಹಿಂದುಮುಂದಾಗಿ ಬಂದವು. ಮರುಳಪ್ಪನವರ ಬೆರಳು, ತುದಿಗೆ ಅಂಟಿದ ವಿಭೂತಿ, ಕಾದು ಅಡ್ಡ ಬಂದದ್ದು, ಪತ್ರಿಕೆಗೆ ಬರೆದದ್ದು. "ಬೆಳಕು ಬೆಳಕನ್ನ ತಡೆದಿದ್ದಲ್ಲ, ಬೂದಿ ತಡೆದಿದ್ದು. ನೀನು ಒರೆಸಿ ಒರೆಸಿ ಮಾಡ್ತಿದ್ದೆ. ಅದಕ್ಕೇ ನಿನಗೆ ಬರ್ಲಿಲ್ಲ. ನಿನ್ನ ಕೈಯಲ್ಲಿ ಏನೂ ತಪ್ಪಿರ್ಲಿಲ್ಲಮ್ಮ. ನಿನ್ನ ರೀಡಿಂಗೇ ಸರಿ."

ಹಸಿರು ಎಳೆ ಟಕ್ಕನೆ ಮುರಿಯಿತು. ಆಳು ಬೆರಗಾಗಿ, "ಯಾಕಕ್ಕೋ?" ಎಂದ. ಮಂಜುಶ್ರೀ ಮುರಿದ ಚೂರನ್ನು ಎಚ್ಚರದಿಂದ ಡಬ್ಬಿಗೆ ಹಾಕಿ, ಮತ್ತೆ ಸಿಪ್ಪೆ ಸುಲಿಯತೊಡಗಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. "ಅಪ್ಪ ಇರಬೇಕಿತ್ತು," ಎಂದಳು. ಎಳೆಯನ್ನು ಮತ್ತೆ ಒರೆಸುತ್ತ, "ದಿನಾ ಒಂದೊಂದು ಜಾಯಿಂಟ್ ಹಾಕುವಾಗಲೂ ಇದು ಬಿಟ್ಕೊಳ್ಳತ್ತೆ, ನನ್ನ ಕೈ ಸರಿ ಇಲ್ಲ ಅನ್ಕೊಂಡೇ ಹಾಕ್ತೀನಿ ಸರ್. ಎರಡೆರಡು ಸಲ ಚೆಕ್ ಮಾಡ್ತೀನಿ. ಇವರೆಲ್ಲ ಚೆನ್ನಾಗಿ ಮಾಡ್ತಾಳೆ ಅಂದ್ರೆ ಸುಮ್ನೆ ಹೇಳ್ತಾರೆ ಅನ್ಸತ್ತೆ." ಹಸಿರು ಕೂಡಿತು. ಕಂದು ಕೂಡಿತು. ದೇವೇಂದ್ರ ನಿಂತೇ ಇದ್ದ. ಒಂದು ಮಾತು ಮುಗಿದಿತ್ತು, ಇನ್ನೊಂದು ಬಾಕಿಯಿತ್ತು. ಬಿಳಿ ಎಳೆ ಮುಗಿಯುವುದರೊಳಗೆ ಹೇಳಿಬಿಡಬೇಕು ಎಂದು ತನಗೆ ತಾನೇ ಗಡುವು ಹಾಕಿಕೊಂಡ. ಬೂದು ಕೂಡಿತು. ಬಿಳಿಯೂ ಕೂಡಿತು. ಆಳು ಯಾರಿಗೋ ಫೋನು ಮಾಡಿ, "ಬಂತಾ ನೋಡು ನೆಟ್ಟು," ಎನ್ನುತ್ತ ಆಚೆ ಹೋದ.

ಮಂಜುಶ್ರೀ ಕೈ ಒರೆಸಿಕೊಂಡು ಎದ್ದು ಅವನ ಎದುರಿಗೆ ನಿಂತಳು. ಈಗ ಅವಳ ದನಿ ಬೇರೆಯಾಗಿತ್ತು, ಬಹಳ ದಿನ ಮಡಿಚಿಟ್ಟದ್ದನ್ನು ಬಿಚ್ಚುವವಳ ಹಾಗೆ ಮೆಲ್ಲಗೆ ಕೇಳಿದಳು. "ಸರ್, ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡಿ. ಅವತ್ತು ನಾನೊಂದು ಫೋಟೋ ಇಟ್ಟಿದ್ದೆ, ನೋಟ್‌ಬುಕ್ಕಲ್ಲಿ. ಕನೆಕ್ಟರ್ ತುದೀದು. ನೋಡಿದ್ರಾ ನೀವು?"

ಹೌದು ಎನ್ನಬೇಕು. ಒಂದೇ ಮಾತು. ಕೆರೆಯ ನೀರು ಬಿಸಿಲಿಗೆ ಹೊಳೆಯುತ್ತಿತ್ತು, ಎಲ್ಲೋ ಬಟ್ಟೆ ಒಗೆಯುವ ಸದ್ದು. ಹೌದಮ್ಮ, ನೋಡಿದೆ, ನೋಡಿಯೂ ಬಚ್ಚಿಟ್ಟೆ, ನಿನ್ನ ಮುಖ ನೋಡಿಕೊಂಡು ಕೈ ಕೂರಬೇಕು ಎಂದೆ. ಇದನ್ನು ಹೇಳಲೆಂದೇ ಬಂದಿದ್ದ. ಅವಳ ಕಣ್ಣು ಅವನ ಮುಖದ ಮೇಲೆ ನೆಟ್ಟಿತ್ತು, ಅವತ್ತು ಪುಟಗಳನ್ನು ತಿರುವಿ ನೋಡಿದ್ದ ಅದೇ ಕಣ್ಣು. ಅದರಲ್ಲಿ ಈಗಲೂ ಗುರುಗಳೆಂಬ ಮರ್ಯಾದೆ ಇತ್ತು, ಅಷ್ಟನ್ನಾದರೂ ಕಳೆದುಕೊಳ್ಳಲಾರೆ ಎನಿಸಿತು. ಬಾಯಿ ತೆರೆದ.

"ಯಾವ ಫೋಟೋ?" ಎಂದ.

ಮಂಜುಶ್ರೀಯ ಮುಖ ಒಂದು ಗಳಿಗೆ ಹಾಗೇ ಇದ್ದು, ಆಮೇಲೆ ಸಡಿಲವಾಯಿತು. ದೊಡ್ಡ ಉಸಿರು ಬಿಟ್ಟಳು. "ಹಾಗಾದ್ರೆ ಅದು ಎಲ್ಲೋ ಬಿದ್ದುಹೋಗಿತ್ತು ಸರ್. ನಾನೊಬ್ಬಳು ಹುಚ್ಚಿ, ಬಾಯಿಬಿಟ್ಟು ಕೇಳ್ಬೇಕಿತ್ತು ಅವತ್ತೇ." ನಗಲು ಹೋದಳು, ಆಗಲಿಲ್ಲ. "ನೀವು ನೋಡೀನೂ ಸುಮ್ನಿದ್ರಿ ಅಂದ್ಕೊಂಡಿದ್ದೆ. ನಿಮ್ಮನ್ನ ಮನಸಲ್ಲೇ ಎಷ್ಟು ಬೈದಿದೀನಿ ಗೊತ್ತಾ ಸರ್? ಅಪ್ಪ ಹೋದ ದಿನ ಶಾಪಾನೂ ಹಾಕಿದೀನಿ. ಇಷ್ಟು ದೂರ ಬಂದು, ತಪ್ಪಾಯ್ತು ಅಂತ ಹೇಳೋ ಮನುಷ್ಯರನ್ನ. ಯಾರು ಬರ್ತಾರೆ ಹೀಗೆ? ನನ್ನನ್ನ ಕ್ಷಮಿಸಿಬಿಡಿ ಸರ್."

ಅವನು ಹಿಂದೆ ಸರಿಯುವುದರೊಳಗೆ ಅವಳು ಚಪ್ಪಲಿ ಕಳಚಿ ರಸ್ತೆಯ ಧೂಳಿನಲ್ಲಿ ಮೊಣಕಾಲೂರಿ ಅವನ ಎರಡೂ ಪಾದಗಳನ್ನು ಮುಟ್ಟಿದಳು. ಫೋನು ಮುಗಿಸಿ ಬಂದ ಆಳು ದೂರದಲ್ಲೇ ನಿಂತ. ಬೇಗ ಏಳುತ್ತಾಳೆ ಎಂದುಕೊಂಡರೆ ಅವಳು ಏಳಲಿಲ್ಲ, ಒಂದು ಮಾತಿಗಾಗಿ ಕಾಯುತ್ತಿದ್ದಳು. ದೇವೇಂದ್ರ ಅವಳ ತಲೆಯ ಮೇಲೆ ಕೈಯಿಟ್ಟ.

"ಇರ್ಲಿ ಬಿಡಮ್ಮ," ಎಂದು ಅವಳನ್ನು ಕ್ಷಮಿಸಿದ.